ಸೀಟನ್ ಚರ್ಚ್‌ಗೆ ಅಮ್ಮನ ಜೊತೆ

ಎಡಿನ್‌ಬರೋಲಿ ಎಲ್ಲಿ ನೋಡಿದ್ರೂ ಹದಿನಾರನೇ ಶತಮಾನದ ಸ್ಕಾಟ್ಲೆಂಡ್ ರಾಣಿ ಮೇರೀನೇ, ಅಂಗಡೀಲಿ ಕಾಫಿ ಮಗ್ ಮೇಲೂ ಅವಳದೇ ಮುಖ. ನಂಗೆ ಮಾತ್ರ ಅವಳಿಗೋಸ್ಕರ ಮನೆ ಮಠ ಪಣಕ್ಕಿಟ್ಟ ಲಾರ್ಡ್ ಜಾರ್ಜ್ ಸೀಟನ್ ಮೇಲೆ ಕುತೂಹಲ. ಅಮ್ಮ ಊರಿಂದ ಬಂದಿದ್ರು, ಒಂದಿನ ಕರ್ಕೊಂಡು ಪೋರ್ಟ್ ಸೀಟನ್ ಹತ್ರ ಇರೋ ಆ ಮನೆತನದ ಚರ್ಚ್‌ಗೆ ಹೋದೆ, ಬಸ್ಸಿಳಿದು ನಡೀತಿದ್ರೆ ಸಮುದ್ರದ ಗಾಳಿಗೆ ಶಾಲು ನಿಲ್ತಿಲ್ಲ, ಅಮ್ಮಂದು ಒಂದೇ ಗೊಣಗಾಟ.

ಸೀಟನ್ ಮನೆತನದ ಅರಮನೆ ಈಗಿಲ್ಲ, 1789ರಲ್ಲೇ ಕೆಡವಿದ್ರು. ಚರ್ಚ್ ಇದೆ, ಗೋಪುರ ಅರ್ಧಕ್ಕೇ ಮೊಟಕು. ಒಳಗೆ ಕಲ್ಲಿನ ಕಮಾನು ಚಾವಣಿ, ಗೋಡೆ ಗೂಡಲ್ಲಿ ಗಂಡ ಹೆಂಡ್ತಿ ಕಲ್ಲಾಗಿ ಮಲಗಿದಾರೆ. ಜಾರ್ಜನ ಅಜ್ಜಿ ಜೇನೆಟ್ ಹೆಪ್‌ಬರ್ನ್ ಗಂಡನ್ನ 1513ರಲ್ಲಿ ಫ್ಲಾಡನ್ ಯುದ್ಧದಲ್ಲಿ ಕಳ್ಕೊಂಡು, ಆಮೇಲೆ ಇದರ ಎರಡು ಪಕ್ಕದ ಭಾಗನೂ ಗೋಪುರನೂ ಕಟ್ಸಿದಾಕೆ. 1544ರಲ್ಲಿ ಇಂಗ್ಲಿಷ್ ಸೈನ್ಯ ಬಂದು ಸುಟ್ಟು ಗಂಟೆನೂ ಹೊತ್ಕೊಂಡು ಹೋಯ್ತು.

ಅಮ್ಮನ್ನ ಬೆಂಚಲ್ಲಿ ಕೂರ್ಸಿ ಕತೆ ಶುರು ಮಾಡ್ದೆ. 1566ರ ಮಾರ್ಚಲ್ಲಿ ರಾಣಿ ಕಣ್ಮುಂದೇನೇ ಅವಳ ಸೆಕ್ರೆಟರಿ ರಿಚಿಯೋನ ಹೊರಗೆ ಎಳ್ಕೊಂಡೋಗಿ ಕೊಂದ್ರು, ಅವಳು ತುಂಬಿದ ಬಸುರಿ, ಎರಡು ದಿನ ಕಳ್ದು ರಾತ್ರೋರಾತ್ರಿ ಕುದುರೆ ಹತ್ತಿ ಓಡಿದ್ದು ಇದೇ ಸೀಟನ್‌ಗೆ, ಇಲ್ಲಿಂದ ಡನ್‌ಬಾರ್ ಕೋಟೆಗೆ. 1568ರ ಮೇ 2ಕ್ಕೆ ಲಾಕ್‌ಲೆವನ್ ಕೆರೆ ಮಧ್ಯದ ಸೆರೆಯಿಂದ ದೋಣೀಲಿ ತಪ್ಪಿಸ್ಕೊಂಡು ಬಂದಾಗ ದಡದ ಕಡೆ ಕುದುರೆ ಇಟ್ಕೊಂಡು ಕಾದಿದ್ದವರಲ್ಲಿ ಜಾರ್ಜನೂ ಒಬ್ಬ, ಫೋರ್ತ್ ಕೊಲ್ಲಿ ದಾಟ್ಸಿ ತನ್ನ ನಿಡ್ರಿ ಕೋಟೇಲಿ ಇಳಿಸ್ಕೊಂಡ. ಹನ್ನೊಂದೇ ದಿನಕ್ಕೆ ಲ್ಯಾಂಗ್‌ಸೈಡಲ್ಲಿ ಯುದ್ಧ ಸೋತ್ಲು, ಇವ್ನು ಸೆರೆ. ಆಮೇಲೆ ದೇಶ ಬಿಟ್ಟು ಫ್ಲಾಂಡರ್ಸ್‌ಗೆ. ಅಲ್ಲಿ ಹೊಟ್ಟೆಪಾಡಿಗೆ ಗಾಡಿ ಹೊಡೀತಿದ್ದ ಅಂತಾರೆ, ನಂಗ್ಯಾಕೋ ಅದು ವಂಶದವರು ಉಪ್ಪು ಖಾರ ಹಚ್ಚಿದ್ದು ಅನ್ಸುತ್ತೆ.

"ಸರಿ ಕಣೋ, ಅವನು ರಾಣಿ ರಾಣಿ ಅಂತ ಅಲೀತಿದ್ದ, ಹೆಂಡ್ತಿ ಮಕ್ಳ ಗತಿ?" ಅಂದ್ರು ಅಮ್ಮ.

ಫೋನಲ್ಲಿ 1572ರ ಚಿತ್ರ ತೋರ್ಸಿದೆ, ಕಲಾವಿದ ಫ್ರಾನ್ಸ್ ಪೌರ್‌ಬಸ್ ಬರೆದಿದ್ದು ಅಂತಾರೆ. ಅಪ್ಪ, ನಾಲ್ಕು ಗಂಡುಮಕ್ಕಳು, ಒಬ್ಳು ಮಗಳು. ಅಮ್ಮ ಎರಡು ಬೆರಳಲ್ಲಿ ದೊಡ್ಡದು ಮಾಡಿ ಮಾಡಿ ನೋಡಿ "ತಾಯಿನೇ ಇಲ್ವಲ್ಲೋ" ಅಂದ್ರು. ನಾನು ಎಷ್ಟು ಸಲ ನೋಡಿದೀನಿ, ಹೊಳೆದೇ ಇರ್ಲಿಲ್ಲ ನೋಡಿ! ಇಸಬೆಲ್ ಹ್ಯಾಮಿಲ್ಟನ್ ಅಂತ ಹೆಸರು ಹೇಳ್ದೆ. ಜಾರ್ಜನ ಮಲತಂಗಿ ಮೇರಿ ಸೀಟನ್‌ದೂ ಹೇಳ್ದೆ, ಮದ್ವೆನೇ ಆಗ್ದೆ ರಾಣಿ ಜೊತೆ ಇಂಗ್ಲೆಂಡಿನ ಸೆರೇಲಿ ವರ್ಷಗಟ್ಲೆ ಇದ್ದು ಕೊನೆಗೆ ಫ್ರಾನ್ಸಲ್ಲಿ ರೀಮ್ಸ್‌ನ ಕಾನ್ವೆಂಟ್ ಸೇರಿದ್ಲು. ಅಮ್ಮ ಲೊಚಗುಟ್ಟಿದ್ರು.

ಮಕ್ಳು ಮಾತ್ರ ಚೆನ್ನಾಗೇ ಬಂದ್ರು. ಅಲೆಗ್ಸಾಂಡರ್ ಸ್ಕಾಟ್ಲೆಂಡಿನ ಚಾನ್ಸಲರ್ ಆದ, ರಾಬರ್ಟ್ 1600ರಲ್ಲಿ ಅರ್ಲ್ ಆಫ್ ವಿಂಟನ್. ರಾಬರ್ಟ್ ಸತ್ತಿದ್ದು 1603ರಲ್ಲಿ, ಮೇರಿ ರಾಣಿ ಮಗ ಜೇಮ್ಸ್ ಇಂಗ್ಲೆಂಡಿನ ಪಟ್ಟಕ್ಕೆ ಲಂಡನ್ ಕಡೆ ಹೊರಟಿದ್ದ, ದಾರೀಲಿ ಇಲ್ಲೇ ಹೆಣದ ಮೆರವಣಿಗೆ ಎದುರಾಯ್ತಂತೆ, ರಾಜ ಕುದುರೆ ಇಳಿದು ತೋಟದ ಗೋಡೆ ಮೇಲೆ ಕೂತು ಅದು ಹೋಗೋವರ್ಗೂ ಕಾದ್ನಂತೆ.

"ಅಷ್ಟಾದ್ರೂ ಮಾಡ್ಬೇಕಿತ್ತು ಬಿಡು," ಅಂದ್ರು ಅಮ್ಮ, "ಅವರಮ್ಮನಿಗೆ ಇವ್ರು ಕಮ್ಮಿ ಮಾಡಿದಾರಾ?"