ನಾಲ್ಕು ತಿಂಗಳು

9 ಅಕ್ಟೋಬರ್ 2025, ಗುರುವಾರ
ಮ್ಯಾಡ್ರಿಡ್

ಗುರುವಾರದ ಅರ್ಧ ದಿನದ ರಜೆ ಪೂರ್ತಿ ಬೆಂಚಿನ ಮೇಲೆಯೇ ಮುಗಿಯಿತು. ಈ ದೇಶದಲ್ಲಿ ಇರಲು ಪರವಾನಗಿ ಕೇಳಿ ಅರ್ಜಿ ಹಾಕುವ ವಿಷಯಕ್ಕೆ, ಚರ್ಚಿನ ಹಿಂದಿನ ಕೋಣೆಯಲ್ಲಿ ವಾರಕ್ಕೊಮ್ಮೆ ಕೂರುವ ವಕೀಲೆಯನ್ನು ನೋಡಲು ಹೋಗಿದ್ದೆ. ಫೀಸು ಕೇಳದವರು, ಆದ್ದರಿಂದ ಸಾಲು ಕೇಳಬೇಡಿ. ನನ್ನ ಪಾಳಿ ಬರುವಷ್ಟರಲ್ಲಿ ಪಕ್ಕದಲ್ಲಿದ್ದ ಹೊಂಡುರಾಸಿನ ಗೆಳತಿ ಎರಡು ಸಲ ನಿದ್ದೆ ಮಾಡಿ ಎದ್ದಿದ್ದಳು.

ನನ್ನ ಫೈಲು ದಪ್ಪಗಿದೆ ಎಂಬ ಜಂಬ ನನಗಿತ್ತು. ವಕೀಲೆ ಅದನ್ನು ಮೂರೇ ನಿಮಿಷದಲ್ಲಿ ತಿರುವಿ ಹಾಕಿದರು.

“ಪಾದ್ರೋನ್ ಯಾವಾಗಿನಿಂದ ಇದೆ?” ನಗರಸಭೆಯ ನಿವಾಸಿಗಳ ಪಟ್ಟಿಯಲ್ಲಿ ನನ್ನ ಹೆಸರು ಎಂದಿನಿಂದ ಇದೆ ಎಂದು ಕೇಳಿದ್ದು.

“2024ರ ಫೆಬ್ರವರಿಯಿಂದ.”

“ಇವತ್ತು ಅರ್ಜಿ ಹಾಕಿದರೆ ಎರಡು ವರ್ಷ ಇಲ್ಲೇ ಇದ್ದದ್ದಕ್ಕೆ, 2023ರ ಅಕ್ಟೋಬರಿನಿಂದ, ಲೆಕ್ಕ ಕೊಡಬೇಕು. ನಾಲ್ಕು ತಿಂಗಳು ಖಾಲಿ. ಆಗ ಎಲ್ಲಿದ್ದಿರಿ?”

ಎಲ್ಲಿದ್ದೆ! ಇಲ್ಲೇ ಇದ್ದೆ. ಅಕ್ಟೋಬರಿನಲ್ಲಿ ಕರಬಾಂಚೆಲ್‌ನ ಆ ಕೋಣೆಯಲ್ಲಿ, ಐವರಿಗೆ ಮೂರು ಮಂಚ. ನವೆಂಬರಿನಿಂದ ನಾನು ನೋಡಿಕೊಳ್ಳುವ ಇದೇ ಅಜ್ಜಿಯ ಮನೆಯಲ್ಲಿ. ಕೋಣೆಯ ಮಾಲೀಕ ಪಾದ್ರೋನ್ ಎಂಬ ಮಾತೆತ್ತಿದರೆ ಬಾಗಿಲು ತೋರಿಸುತ್ತಿದ್ದ. ಅಜ್ಜಿಯ ಮಗ ಈ ವಿಳಾಸಕ್ಕೆ ನನ್ನ ಹೆಸರು ಬರೆಸಲು ಒಪ್ಪಿದ್ದು ಮೂರು ತಿಂಗಳು ನನ್ನನ್ನು ಅಳೆದು ತೂಗಿದ ಮೇಲೆ. ಈ ಪಟ್ಟಿಯಲ್ಲಿ ಕಾಗದವಿಲ್ಲದವರೂ ಹೆಸರು ಬರೆಸಬೇಕು ಎನ್ನುತ್ತದೆ ಇಲ್ಲಿನ ಕಾನೂನು. ಅದೇ ಕಾನೂನಿನ ಪ್ರಕಾರ ನಾವು ದೇಶದಲ್ಲಿ ಇರುವಂತಿಲ್ಲ. ಈ ಎರಡು ಮಾತು ಒಂದೇ ಸರ್ಕಾರದ ಬಾಯಿಂದ ಹೇಗೆ ಬರುತ್ತವೆ ಎಂದು ಮೊದಲು ತಲೆ ಕೆಡಿಸಿಕೊಳ್ಳುತ್ತಿದ್ದೆ, ಈಗ ಬಿಟ್ಟಿದ್ದೇನೆ. ಎರಡು ವರ್ಷಕ್ಕೊಮ್ಮೆ ನವೀಕರಿಸದಿದ್ದರೆ ಹೆಸರು ಪಟ್ಟಿಯಿಂದ ಬಿದ್ದುಹೋಗುತ್ತದೆ. ನನ್ನದು ಬರುವ ಫೆಬ್ರವರಿಗೆ. ಮರೆಯಬಾರದು.

ಹೆಸರು ಬರೆಸಿದ ದಿನವೂ ನೆನಪಿದೆ. ಗುಮಾಸ್ತೆ ಕೇಳಿದರು, “ಎರಡನೆಯ ಅಡ್ಡಹೆಸರು?” ಇಲ್ಲ ಎಂದೆ. “ಮೊದಲನೆಯದು?” ಅದೂ ಇಲ್ಲ, ಇರುವುದು ಒಂದು ಇನಿಶಿಯಲ್ ಮಾತ್ರ, ಅದನ್ನು ಬಿಡಿಸಿದರೆ ಅಪ್ಪನ ಹೆಸರು ಎಂದೆ. ಆಕೆ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಕೊನೆಗೆ ಅಪ್ಪನೇ ನನ್ನ ಅಡ್ಡಹೆಸರಾಗಿ ಅಲ್ಲಿ ಕುಳಿತರು, ಪಾಸ್‌ಪೋರ್ಟಿನಲ್ಲಿ ಮಾತ್ರ ಬೇರೆ ರೀತಿ ಇದ್ದಾರೆ. ಇಬ್ಬರೂ ಒಬ್ಬಳೇ ಎಂದು ಹೇಳುವ ಇನ್ನೊಂದು ಕಾಗದ ಬೇಕು ಎಂದು ವಕೀಲೆ ಇವತ್ತು ಪಟ್ಟಿಗೆ ಸೇರಿಸಿದರು.

ಪಟ್ಟಿ ಹೀಗೆಯೇ ಬೆಳೆಯುತ್ತಿದೆ. ಪಾಸ್‌ಪೋರ್ಟಿನ ಎಲ್ಲಾ ಪುಟಗಳ ನಕಲು, ಖಾಲಿ ಪುಟಗಳದ್ದೂ ಸೇರಿ, ಒಟ್ಟು ಮೂವತ್ತಾರು. ಊರಿನಲ್ಲಿ ಯಾವ ಅಪರಾಧವನ್ನೂ ಮಾಡಿಲ್ಲ ಎಂಬ ಪೊಲೀಸ್ ಪತ್ರ, ಅದರ ಮೇಲೆ ಹೊರದೇಶದಲ್ಲೂ ನಡೆಯುವ ಅಪೋಸ್ಟಿಲ್ ಮೊಹರು, ಅದಕ್ಕೆ ಪ್ರಮಾಣೀಕೃತ ಅನುವಾದ. 790-052 ನಮೂನೆಯಲ್ಲಿ ಶುಲ್ಕ. ತೋರಿಸಬೇಕಾದ ವಾಸ ಮೂರು ವರ್ಷ ಇದ್ದದ್ದು ಈ ಮೇ 20ರಿಂದ ಎರಡಕ್ಕೆ ಇಳಿದಿದೆ ಎಂದು ಎಲ್ಲರೂ ಕುಣಿದಾಡಿದೆವು. ಆದರೆ ಹೊಂಡುರಾಸಿನವಳಿಗೆ ಆ ಬಾಗಿಲೂ ಇಲ್ಲ. ಅವಳು ಬಂದ ಕೂಡಲೇ ಆಶ್ರಯ ಕೇಳಿ ಅರ್ಜಿ ಹಾಕಿದ್ದಳು, ಹಾಗೆ ಕಾದ ದಿನಗಳು ಈ ಲೆಕ್ಕಕ್ಕೆ ಬರುವುದಿಲ್ಲವಂತೆ. ನಿಯಮದಂತೆ ನಡೆದವಳ ದಿನಗಳು ಸೊನ್ನೆ, ಅಡಗಿ ಕುಳಿತ ನನ್ನ ದಿನಗಳು ಚಿನ್ನ. ಹೊರಗೆ ಬಂದ ಮೇಲೆ ಅವಳು ನಗುತ್ತಲೇ ಇದ್ದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಈ ಅರ್ಜಿಯ ಹೆಸರು ಅರೈಗೋ. ಬೇರು ಬಿಡುವುದು ಎಂದರ್ಥ. ಅದರಲ್ಲಿ ಐದು ಬಗೆ. ನನ್ನದು ಕೆಲಸದ ಮೂಲಕ ಬೇರು ಬಿಡುವ ಬಗೆ, ಕೈಯಲ್ಲಿ ವಾರಕ್ಕೆ ಕನಿಷ್ಠ ಇಪ್ಪತ್ತು ಗಂಟೆಯ ಕರಾರು ಇರಬೇಕು. ಅಜ್ಜಿಯ ಮಗ ಆ ಇಪ್ಪತ್ತನ್ನೇ ಗಟ್ಟಿಯಾಗಿ ಹಿಡಿದಿದ್ದಾರೆ. ಪೂರ್ಣಾವಧಿಗೆ ಈ ವರ್ಷದ ಕನಿಷ್ಠ ವೇತನ 1,184 ಯೂರೋ, ವರ್ಷಕ್ಕೆ ಹದಿನಾಲ್ಕು ಕಂತು. ಇಪ್ಪತ್ತು ಗಂಟೆ ಎಂದು ಬರೆದರೆ ಅದರ ಅರ್ಧ. ಅಜ್ಜಿಯನ್ನು ರಾತ್ರಿ ಮೂರು ಸಲ ಎಬ್ಬಿಸಿ ಶೌಚಾಲಯಕ್ಕೆ ಕರೆದೊಯ್ಯುವುದು ಯಾವ ಗಂಟೆಗೆ ಸೇರುತ್ತದೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ತಮ್ಮ ಆದಾಯದ ಕಾಗದವನ್ನೂ ಅವರು ಕೊಡಬೇಕು. ಅದಕ್ಕೇ ಮುಖ ಗಂಟಿಕ್ಕಿದೆ. ಆದರೂ ಕರಡಿಗೆ ಒಪ್ಪಿದ್ದಾರೆ, ಅಷ್ಟು ದೊಡ್ಡತನ ಇದೆ, ಸುಳ್ಳು ಹೇಳಬಾರದು.

ಕರಡಿನಲ್ಲಿ ಒಂದು ಸಾಲಿದೆ: ಪರವಾನಗಿ ದೊರೆತ ದಿನದಿಂದ ಕೆಲಸ ಆರಂಭ. ಅದನ್ನು ಓದುವಾಗ ನನ್ನ ಕೈಯಲ್ಲಿ ಅಜ್ಜಿಯ ಬಾಚಣಿಗೆ ಇತ್ತು.

“ನವೆಂಬರಿನಿಂದ ನಮ್ಮ ಮನೆಯಲ್ಲಿ ಇದ್ದಳು ಎಂದು ಅವರು ಬರೆದುಕೊಟ್ಟರೆ?” ಎಂದು ವಕೀಲೆಯನ್ನು ಕೇಳಿದೆ.

“ಖಾಸಗಿ ಪತ್ರಕ್ಕೆ ಹೆಚ್ಚು ತೂಕವಿಲ್ಲ. ಮೇಲಾಗಿ, ಬರೆದುಕೊಡುತ್ತಾರೆಯೇ? ಏನು ಮಾಡುತ್ತಾ ಇದ್ದಳು ಎಂಬ ಪ್ರಶ್ನೆ ಬರುತ್ತದಲ್ಲ.” ಕಾರ್ಮಿಕ ಇಲಾಖೆಯ ಹೆಸರನ್ನು ಆಕೆ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. “ಆಸ್ಪತ್ರೆಗೆ ಹೋಗಿದ್ದಿರಾ? ತಾರೀಖು ಇರುವ ಯಾವುದಾದರೂ ಚೀಟಿ?”

ಆ ಡಿಸೆಂಬರಿನಲ್ಲಿ ಬಿಸಿ ಎಣ್ಣೆ ಚೆಲ್ಲಿ ಮುಂಗೈ ಸುಟ್ಟಿತ್ತು. ಹೋಗಲಿಲ್ಲ. ಹೆಸರು ಕೇಳುತ್ತಾರೆ ಎಂಬ ಹೆದರಿಕೆ. ನಲ್ಲಿಯ ಕೆಳಗೆ ಕೈ ಹಿಡಿದು ನಿಂತಿದ್ದೆ. ಕಲೆ ಈಗಲೂ ಇದೆ, ಕಲೆಗೆ ತಾರೀಖು ಇಲ್ಲ.

ಫೆಬ್ರವರಿಯವರೆಗೆ ಕಾಯಿರಿ ಎಂದರು ವಕೀಲೆ. ಕಾಯುವುದು ನನಗೆ ಬರುತ್ತದೆ. ಆದರೆ ಕ್ರಿಸ್ಮಸ್ ಕಳೆದ ಮೇಲೆ ಅಜ್ಜಿಯನ್ನು ವೃದ್ಧಾಶ್ರಮಕ್ಕೆ ಸೇರಿಸುವ ಮಾತು ಈ ಮನೆಯ ಫೋನಿನಲ್ಲಿ ನಡೆಯುತ್ತಿದೆ. ನನಗೆ ಇನ್ನೂ ಪೂರ್ತಿ ಸ್ಪ್ಯಾನಿಷ್ ಬರುವುದಿಲ್ಲ ಎಂದುಕೊಂಡು ನನ್ನ ಎದುರೇ ಮಾತನಾಡುತ್ತಾರೆ. ಅಜ್ಜಿ ಹೋದರೆ ಕರಾರೂ ಹೋಯಿತು. ಹಾಗಾಗಿ ಈಗಲೇ ಆಗಬೇಕು.

ಹಾಕಿದರೂ ಉತ್ತರಕ್ಕೆ ಮೂರು ತಿಂಗಳು. ಅಷ್ಟರಲ್ಲಿ ಏನೂ ಬರದಿದ್ದರೆ ತಿರಸ್ಕಾರ ಎಂದೇ ತಿಳಿಯಬೇಕು. ಮೌನಂ ಸಮ್ಮತಿ ಲಕ್ಷಣಂ ಎಂದು ಕೇಳಿ ಬೆಳೆದವಳಿಗೆ ಇದನ್ನು ಬಾಯಿಪಾಠ ಮಾಡಿಕೊಳ್ಳಲು ಕಷ್ಟವಾಗುತ್ತಿದೆ. ಒಪ್ಪಿಗೆ ಬಂದರೆ ಕಾರ್ಡಿಗಾಗಿ ಬೆರಳಚ್ಚು. ಗೆಳತಿಯ ಅಕ್ಕ ಅದಕ್ಕೆ ಅಲೂಚೆಗೆ ಹೋಗಿ ಬಂದಳು. ಅಲ್ಲಿ ಬೆರಳಚ್ಚು ತೆಗೆಯುವ ಪೊಲೀಸ್ ಕಚೇರಿ ಮತ್ತು ನಮ್ಮಂಥವರನ್ನು ಹೊರದಬ್ಬುವ ಮೊದಲು ಅರವತ್ತು ದಿನಗಳವರೆಗೆ ಕೂಡಿಹಾಕುವ ಕೇಂದ್ರ ಒಂದೇ ರಸ್ತೆಯಲ್ಲಿವೆ. ಆ ಕೇಂದ್ರ ಹಳೆಯ ಕರಬಾಂಚೆಲ್ ಜೈಲಿನ ಆಸ್ಪತ್ರೆಯಾಗಿತ್ತು. ಜೈಲನ್ನು 2008ರಲ್ಲಿ ಕೆಡವಿದರು, ಅದೊಂದನ್ನು ಉಳಿಸಿಕೊಂಡರು. “ಯಾವ ಬಾಗಿಲು ಎಂದು ಎರಡು ಸಲ ಓದಿಕೊಂಡೇ ಒಳಗೆ ಹೋದೆ” ಎಂದಿದ್ದಳು ಅಕ್ಕ.

ಸಂಜೆ ಅಡುಗೆಮನೆಯ ಮೇಜಿನ ಮೇಲೆ ಬಿಸ್ಕತ್ತಿನ ಡಬ್ಬಿ ಸುರಿದುಕೊಂಡೆ. ಮನೆಗೆ ಹಣ ಕಳುಹಿಸಿದ ಚೀಟಿಗಳು. ತಿಂಗಳಿಗೊಂದು, ತಪ್ಪಿಲ್ಲದೆ. ಅಂಥವೂ ನಡೆಯಬಹುದು ಎಂದಿದ್ದಾರೆ ವಕೀಲೆ, ಹೆಸರು, ತಾರೀಖು, ಪಾಸ್‌ಪೋರ್ಟ್ ಸಂಖ್ಯೆ ಅದರಲ್ಲಿ ಇರುತ್ತವಲ್ಲ. ಡಬ್ಬಿಯನ್ನು ಇಷ್ಟು ದಿನ ಇಟ್ಟಿದ್ದು ರೇಡಿಯೇಟರ್ ಮೇಲಿನ ಗೂಡಿನಲ್ಲಿ, ಜೋಪಾನವಾಗಿರಲಿ ಎಂದು. ಎರಡು ಚಳಿಗಾಲದ ಶಾಖಕ್ಕೆ ಅಕ್ಷರಗಳು ಮಾಸಿ, 2023ರವು ಬಹುತೇಕ ಬಿಳಿ ಕಾಗದ.

ಅಜ್ಜಿ ಎದುರಿಗೆ ಬಂದು ಕುಳಿತರು. ಚೀಟಿಗಳನ್ನು ಕಂಡು ತಮ್ಮ ಯಜಮಾನರ ಕಥೆ ಶುರು ಮಾಡಿದರು, ಜರ್ಮನಿಯ ಕೊಲೋನ್‌ನದು. ನೂರು ಸಲ ಕೇಳಿದ್ದೇನೆ. ಇವತ್ತು ಮಾತ್ರ ಹೊಸದೊಂದು ಹೊರಬಂತು.

“ಅವರು ಪ್ರವಾಸಿ ಅಂತ ಹೋದದ್ದು ಮಗಳೇ, 1962ರಲ್ಲಿ. ಒಂದು ಸೂಟ್‌ಕೇಸ್. ಒಳಗೆ ಗಾರೆ ಕೆಲಸದ ಕರಣೆ.”

“ಆಗ ಜರ್ಮನಿಯ ಜೊತೆ ಒಪ್ಪಂದ ಇತ್ತಲ್ಲ ಸೆನ್ಯೋರಾ?” 1960ರ ಒಪ್ಪಂದದ ವಿಷಯ ಅವರ ಮಗನೇ ಒಮ್ಮೆ ಹೇಳಿದ್ದರು, ನಮ್ಮವರು ಕರಾರು ಹಿಡಿದು, ತಪಾಸಣೆ ಮುಗಿಸಿಕೊಂಡು, ಕ್ರಮವಾಗಿ ಹೋದವರು ಎಂದು.

“ಇತ್ತು. ಹೆಸರು ಬರೆಸಿ ಕಾಯಬೇಕಿತ್ತು. ಹೊಟ್ಟೆಯಲ್ಲಿ ಮಗು ಇತ್ತು, ಯಾರು ಕಾಯುತ್ತಾರೆ?”

“ಮತ್ತೆ ಕಾಗದ?”

“ಗೋಡೆ ಕಟ್ಟುವವರು ಬೇಕಿತ್ತು ಅವರಿಗೆ. ಕಾಗದ ಆಮೇಲೆ ಬಂತು.”

ಆ ಮಗು ಈಗ ಇಪ್ಪತ್ತು ಗಂಟೆ ಎಂದು ಹಟ ಹಿಡಿದಿದೆ. ನಗು ಬಂತು. ಅಜ್ಜಿಯೂ ನಕ್ಕರು, ಯಾಕೆಂದು ಗೊತ್ತಿಲ್ಲದೆ. ಆ ನಾಲ್ಕು ತಿಂಗಳಲ್ಲಿ ಮೂರಕ್ಕೆ ಪೂರ್ತಿ ಸಾಕ್ಷಿ ಇವರೊಬ್ಬರೇ ಎಂದು ಹೊಳೆದದ್ದು ಆಗಲೇ. ಸುಟ್ಟ ಕೈಗೆ ಬಟ್ಟೆ ಸುತ್ತಿದ್ದು ಇವರೇ. ಕೈ ಮುಂದೆ ಚಾಚಿ, ಇದು ನೆನಪಿದೆಯೇ ಸೆನ್ಯೋರಾ ಎಂದೆ.

ಕಲೆಯನ್ನು ಬೆರಳಿನಿಂದ ಸವರಿ ನೋಡಿದರು. “ಅಯ್ಯೋ, ಇದೇನಿದು? ನೀನು ಈ ಮನೆಗೆ ಯಾವಾಗ ಬಂದೆ ಮಗಳೇ? ಇವತ್ತೇ?”

ಮಲಗಿಸಿ ಬಂದೆ. ಮೊಬೈಲಿನ ದೀಪವನ್ನು ಓರೆಯಾಗಿ ಹಿಡಿದರೆ ಕೆಲವು ಚೀಟಿಗಳಲ್ಲಿ ಗೆರೆಗಳು ಕಾಣಿಸುತ್ತವೆ. ಇದರಲ್ಲಿ ನನ್ನ ಹೆಸರಿನ ಮೊದಲ ಮೂರು ಅಕ್ಷರ ಇವೆ. ತಾರೀಖಿನ ಜಾಗದಲ್ಲಿ ಒಂದು 1, ಅದರ ಪಕ್ಕದ್ದು 1 ಇರಬೇಕು, 2 ಆಗಿದ್ದರೂ ನಷ್ಟವಿಲ್ಲ, 0 ಆಗಿದ್ದರೆ ಅಕ್ಟೋಬರ್, ಅದೇ ಎಲ್ಲಕ್ಕಿಂತ ಬೇಕಾದದ್ದು, ಫೋಟೊ ತೆಗೆದು ದೊಡ್ಡದು ಮಾಡಿ ನೋಡೋಣ ಎಂದರೆ ಅಜ್ಜಿ ಕರೆಯುತ್ತಿದ್ದಾರೆ