ಮೂರನೆಯ ಔಷಧಿಯನ್ನು ಕೈಬಿಟ್ಟ ಪ್ರಯೋಗ

ದೊಡ್ಡಕರುಳಿನ ಕ್ಯಾನ್ಸರ್ ದೇಹದ ಬೇರೆಡೆಗೂ ಹರಡಿರುವವರಲ್ಲಿ ಶೇ 8ರಿಂದ 12ರಷ್ಟು ಮಂದಿಯ ಗಡ್ಡೆಯಲ್ಲಿ ಬ್ರಾಫ್ ವಿ600ಇ ಎಂಬ ಜೀನ್ ರೂಪಾಂತರ ಕಂಡುಬರುತ್ತದೆ. ಇಂಥ ರೋಗ ಕೀಮೋಥೆರಪಿಗೆ ಸುಲಭವಾಗಿ ಬಗ್ಗುವುದಿಲ್ಲ. ಇದೇ ರೂಪಾಂತರವಿರುವ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನಲ್ಲಿ ಬ್ರಾಫ್ ಪ್ರೋಟೀನನ್ನು ತಡೆಯುವ ವೆಮುರಾಫೆನಿಬ್ ಮಾತ್ರೆಯು ಸುಮಾರು ಅರ್ಧದಷ್ಟು ರೋಗಿಗಳ ಗಡ್ಡೆಗಳನ್ನು ಕುಗ್ಗಿಸಿತ್ತು; ಕರುಳಿನ ಕ್ಯಾನ್ಸರಿನಲ್ಲಿ ಅದು ಫಲ ಕೊಟ್ಟದ್ದು ಸುಮಾರು ಇಪ್ಪತ್ತರಲ್ಲಿ ಒಬ್ಬರಿಗೆ ಮಾತ್ರ.

ಇದರ ಕಾರಣವನ್ನು ನೆದರ್ಲೆಂಡ್ಸ್‌ನ ರೆನೆ ಬರ್ನಾರ್ಡ್ಸ್ ಅವರ ತಂಡ 2012ರಲ್ಲಿ ತೋರಿಸಿಕೊಟ್ಟಿತು. ಬ್ರಾಫ್ ಪ್ರೋಟೀನನ್ನು ತಡೆದೊಡನೆ ಕರುಳಿನ ಕ್ಯಾನ್ಸರ್ ಕೋಶದ ಮೇಲ್ಮೈಯಲ್ಲಿರುವ ಇಜಿಎಫ್‌ಆರ್ ಎಂಬ ಗ್ರಾಹಕ ಚುರುಕಾಗಿ, ಬೆಳವಣಿಗೆಯ ಸಂಕೇತವನ್ನು ಮತ್ತೆ ಒಳಕ್ಕೆ ಕಳಿಸತೊಡಗುತ್ತದೆ. ಒಂದು ಗದ್ದೆಯ ತೂಬು ಮುಚ್ಚಿದರೆ ನೀರು ಪಕ್ಕದ ಬದುವನ್ನು ಒಡೆದುಕೊಂಡು ನುಗ್ಗುವ ಹಾಗೆ. ಮೆಲನೋಮಾ ಕೋಶಗಳಲ್ಲಿ ಈ ಗ್ರಾಹಕ ಬಹಳ ಕಡಿಮೆ. ಆದ್ದರಿಂದ ಎರಡನ್ನೂ ಒಟ್ಟಿಗೆ ತಡೆಯಬೇಕೆಂಬ ಆಲೋಚನೆ ಬಲಗೊಂಡಿತು.

ಇದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ್ದು ಬೀಕನ್ ಪ್ರಯೋಗ. ಒಂದೆರಡು ಸುತ್ತಿನ ಚಿಕಿತ್ಸೆಯ ನಂತರವೂ ರೋಗ ಉಲ್ಬಣಿಸಿದ್ದ 665 ಮಂದಿಯನ್ನು ಮೂರು ಗುಂಪು ಮಾಡಿ, ಒಂದಕ್ಕೆ ಬ್ರಾಫನ್ನು ತಡೆಯುವ ಎನ್‌ಕೊರಾಫೆನಿಬ್, ಇಜಿಎಫ್‌ಆರ್ ಗ್ರಾಹಕವನ್ನು ತಡೆಯುವ ಸೆಟುಕ್ಸಿಮಾಬ್, ಅದೇ ಸಂಕೇತದ ಹಾದಿಯಲ್ಲಿ ಮುಂದಿರುವ ಮೆಕ್ ಪ್ರೋಟೀನನ್ನು ತಡೆಯುವ ಬಿನಿಮೆಟಿನಿಬ್ ಮೂರನ್ನೂ, ಇನ್ನೊಂದಕ್ಕೆ ಮೊದಲಿನ ಎರಡನ್ನು ಮಾತ್ರ, ಮತ್ತೊಂದಕ್ಕೆ ಸೆಟುಕ್ಸಿಮಾಬ್ ಜೊತೆ ಇರಿನೊಟೆಕಾನ್ ಆಧಾರಿತ ಕೀಮೋವನ್ನು ಕೊಡಲಾಯಿತು. 2019ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮಧ್ಯಮ ಬದುಕುಳಿಯುವಿಕೆ (ಅರ್ಧದಷ್ಟು ರೋಗಿಗಳು ದಾಟಿದ ಅವಧಿ) ಕ್ರಮವಾಗಿ 9.0, 8.4 ಮತ್ತು 5.4 ತಿಂಗಳಾಗಿತ್ತು. ಮುಂದಿನ ವಿಶ್ಲೇಷಣೆಯಲ್ಲಿ ಮೂರು ಔಷಧಿ ಪಡೆದವರೂ ಎರಡು ಪಡೆದವರೂ 9.3 ತಿಂಗಳಲ್ಲಿ ಸಮನಾಗಿ ನಿಂತರು.

ನನ್ನ ದೃಷ್ಟಿಯಲ್ಲಿ ಈ ಪ್ರಯೋಗದ ಹಿರಿಮೆ ಇರುವುದು ಇಲ್ಲಿಯೇ. ಎರಡು ಔಷಧಿಗಳ ಗುಂಪನ್ನು ಪ್ರತ್ಯೇಕವಾಗಿ ಇಟ್ಟಿರದಿದ್ದರೆ, ಹೆಚ್ಚಿನ ಆಯುಸ್ಸು ಕೊಡದ ಬಿನಿಮೆಟಿನಿಬ್ಬನ್ನು ಅದರ ವೆಚ್ಚ ಮತ್ತು ಅಡ್ಡಪರಿಣಾಮಗಳೊಂದಿಗೆ ಇಂದಿಗೂ ಎಲ್ಲರಿಗೂ ಕೊಡುತ್ತಿದ್ದೆವೋ ಏನೋ. ಆಗಲೇ ಬಳಲಿರುವ ದೇಹಕ್ಕೆ ಒಂದು ಔಷಧಿಯ ಭಾರ ಕಡಿಮೆಯಾಗುವುದು ಸಣ್ಣ ಮಾತಲ್ಲ. 2020ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟದ್ದು ಎರಡರ ಜೋಡಿಗೆ: ದಿನಕ್ಕೊಮ್ಮೆ ಎನ್‌ಕೊರಾಫೆನಿಬ್‌ನ 75 ಮಿಲಿಗ್ರಾಂನ ನಾಲ್ಕು ಕ್ಯಾಪ್ಸೂಲ್, ಜೊತೆಗೆ ರಕ್ತನಾಳದ ಮೂಲಕ ಸೆಟುಕ್ಸಿಮಾಬ್.

ಅನಂತರದ ಬ್ರೇಕ್‌ವಾಟರ್ ಪ್ರಯೋಗ ಇದೇ ಜೋಡಿಗೆ ಕೀಮೋ ಸೇರಿಸಿ, ಮೊದಲ ಸುತ್ತಿನ ಚಿಕಿತ್ಸೆಯಾಗಿಯೇ ಪರೀಕ್ಷಿಸಿತು. ಗಡ್ಡೆ ಕುಗ್ಗಿದವರ ಪ್ರಮಾಣ ಶೇ 61ರಷ್ಟಿದ್ದರೆ, ಎಂದಿನ ಚಿಕಿತ್ಸೆ ಪಡೆದವರಲ್ಲಿ ಅದು ಶೇ 40ರಷ್ಟಿತ್ತು. 2024ರ ಡಿಸೆಂಬರ್‌ನಲ್ಲಿ ಇದಕ್ಕೂ ಎಫ್‌ಡಿಎಯ ತ್ವರಿತ ಅನುಮೋದನೆ ದೊರೆತ ಮೇಲೆ, ಬಯಾಪ್ಸಿಯಲ್ಲಿ ತೆಗೆದ ಗಡ್ಡೆಯ ತುಣುಕಿನ ಬ್ರಾಫ್ ಪರೀಕ್ಷೆಯನ್ನು ಕೀಮೋ ಸೋತ ನಂತರ ಮಾಡಿಸಿದರಾಯಿತು ಎಂದು ಮುಂದೂಡುವುದಕ್ಕೆ ಕಾರಣವೇ ಉಳಿದಿಲ್ಲ.