ಇನ್ನೂ ನಡೀತಿದ್ದಾರಲ್ಲ, ಈಗಲೇ ಕಸಿಯ ಮಾತು ಯಾಕೆ?

ಉಸಿರಾಟದ ಕಾಯಿಲೆ ಇರುವವರಿಗೆ ವ್ಯಾಯಾಮ ಹೇಳಿಕೊಡುವುದು ನನ್ನ ಕೆಲಸ. ಮನೆಯವರು ನನ್ನನ್ನು ಪಕ್ಕಕ್ಕೆ ಕರೆದು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ. "ಡಾಕ್ಟರು ಶ್ವಾಸಕೋಶ ಕಸಿ ಅಂದ್ರು. ಇನ್ನೂ ನಡೀತಿದ್ದಾರಲ್ಲ, ಈಗಲೇ ಯಾಕೆ?"

ನಡೀತಿದ್ದಾರೆ ಅಂತಲೇ.

ತೀರಾ ಬೇಗ ಕಸಿ ಮಾಡಿದರೆ, ಇನ್ನಷ್ಟು ವರ್ಷ ಬರುತ್ತಿದ್ದ ಸ್ವಂತ ಶ್ವಾಸಕೋಶವನ್ನು ಸುಮ್ನೆ ಕಿತ್ತುಹಾಕಿದಂತೆ. ತಡವಾದರೆ ಆಪರೇಷನ್ ತಡೆದುಕೊಳ್ಳಲು ಮೈಯಲ್ಲಿ ಕಸುವೇ ಉಳಿದಿರುವುದಿಲ್ಲ. ವೈದ್ಯರ ಲೆಕ್ಕ ಹೀಗಿದೆ: ಕಸಿ ಇಲ್ಲದಿದ್ದರೆ 2 ವರ್ಷದೊಳಗೆ ಸಾಯುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ ಇರಬೇಕು, ಆಪರೇಷನ್ ದಾಟುವ ಶಕ್ತಿಯೂ ಇರಬೇಕು. ಆ ಹಂತ ಬರುವ ಮೊದಲೇ ಕಸಿ ತಂಡವನ್ನು ಕಾಣಬೇಕು. ಪರೀಕ್ಷೆಗಳಿಗೇ ಸಮಯ ಹಿಡಿಯುತ್ತದೆ. ಆಮೇಲೆ ದಾನಿಯ ಶ್ವಾಸಕೋಶಕ್ಕಾಗಿ ಕಾಯಬೇಕು. ರಕ್ತದ ಗುಂಪು ಹೊಂದಿದರೆ ಸಾಲದು, ಅಳತೆಯೂ ಹೊಂದಬೇಕು. ಆರಡಿ ಆಳಿನ ಶ್ವಾಸಕೋಶ ಐದಡಿಯವರ ಎದೆಗೂಡಿನಲ್ಲಿ ಹಿಡಿಸುವುದಿಲ್ಲ, ಅಲ್ವಾ?

ಶ್ವಾಸಕೋಶ ಗಾಯದ ಕಲೆಯ ಹಾಗೆ ಗಟ್ಟಿಯಾಗುವ ಫೈಬ್ರೋಸಿಸ್ ಇದ್ದರೆ "ನೋಡೋಣ ಬಿಡಿ" ಅನ್ನಬೇಡಿ. ಅದು ಹೇಳದೆ ಕೇಳದೆ ಹದಗೆಡುತ್ತದೆ. ಸಿಒಪಿಡಿ, ಅಂದರೆ ಹೆಚ್ಚಾಗಿ ಹೊಗೆಯಿಂದ ಶ್ವಾಸನಾಳಗಳು ಕಿರಿದಾಗುವ ಕಾಯಿಲೆ, ಸಾಮಾನ್ಯವಾಗಿ ನಿಧಾನ. ಸಿಸ್ಟಿಕ್ ಫೈಬ್ರೋಸಿಸ್‌ನಂಥ (ಇದು ಬೇರೆಯೇ, ಹುಟ್ಟಿನಿಂದಲೇ ಬಂದು ಕಫ ಅಂಟಂಟಾಗಿ ಕಟ್ಟುವ ಕಾಯಿಲೆ), ಸದಾ ಸೋಂಕಿರುವ ಕಾಯಿಲೆಯಲ್ಲಿ ಎರಡೂ ಶ್ವಾಸಕೋಶಗಳನ್ನು ಬದಲಿಸುತ್ತಾರೆ. ಹಳೆಯದೊಂದನ್ನು ಬಿಟ್ಟರೆ ಅದರ ಸೋಂಕು ಹೊಸದಕ್ಕೂ ಹರಡುತ್ತದೆ. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ವಿಪರೀತ ಏರಿ, ಔಷಧಿಗೂ ಬಗ್ಗದಿದ್ದಾಗಲೂ ಕಸಿಯ ಮಾತು ಬರುತ್ತದೆ. ಆಸ್ತಮಾ ಇರುವವರು ಇದನ್ನು ಓದಿ ಗಾಬರಿಯಾಗಬೇಡಿ, ನಿಮಗೆ ಇದು ಬೇಕಾಗುವುದು ತೀರಾ ಅಪರೂಪ. ಸಿಗರೇಟು ಬಿಡದವರಿಗೆ ಮಾತ್ರ ಬಾಗಿಲು ಮುಚ್ಚಿದ ಹಾಗೆಯೇ.

"ಹೊಸದು ಹಾಕಿದ ಮೇಲೆ ಎಲ್ಲಾ ಸರಿಹೋಗುತ್ತಾ?" ಇದು ಬೆನ್ನಿಗೇ ಬರುವ ಪ್ರಶ್ನೆ. ಇಲ್ಲಿ ನಾನು ಸಿಹಿ ಸುಳ್ಳು ಹೇಳುವುದಿಲ್ಲ. ಕಿಡ್ನಿ, ಲಿವರ್ ಮೈಯೊಳಗೆ ಬೆಚ್ಚಗೆ ಕೂತಿರುತ್ತವೆ. ಶ್ವಾಸಕೋಶಕ್ಕೆ ಪ್ರತಿ ಉಸಿರಿನಲ್ಲೂ ಹೊರಗಿನ ಗಾಳಿ ನುಗ್ಗುತ್ತದೆ, ಧೂಳು, ವೈರಸ್ಸು, ಬೂಷ್ಟಿನ ಸಮೇತ. ದೇಹ ಹೊಸ ಅಂಗವನ್ನು ತಳ್ಳಿಹಾಕದಿರಲಿ ಎಂದು ಜೀವನಪೂರ್ತಿ ನುಂಗುವ ಮಾತ್ರೆಗಳು ಸೋಂಕಿನ ವಿರುದ್ಧದ ಕಾವಲನ್ನೂ ಸಡಿಲ ಮಾಡುತ್ತವೆ. ಇನ್ನೊಂದು ವಿಚಿತ್ರ ನೋಡಿ. ಕಸಿ ಮಾಡುವಾಗ ನರಗಳು ಕತ್ತರಿಸಿಹೋಗುತ್ತವೆ. ಹೊಸ ಶ್ವಾಸಕೋಶದಲ್ಲಿ ಕಫ ಕಟ್ಟಿದರೂ ಗೊತ್ತಾಗುವುದಿಲ್ಲ, ಕೆಮ್ಮು ತಾನಾಗಿ ಬರುವುದಿಲ್ಲ. ಹಾಗಾಗಿ ಕೆಮ್ಮುವುದನ್ನೂ ನಾನು ಕಲಿಸಬೇಕು!

ಮನುಷ್ಯನಿಗೆ ಮೊದಲ ಶ್ವಾಸಕೋಶ ಕಸಿ ಮಾಡಿದ್ದು 1963ರಲ್ಲಿ, ಅಮೆರಿಕದ ಜೇಮ್ಸ್ ಹಾರ್ಡಿ. ರೋಗಿ ಬದುಕಿದ್ದು 18 ದಿನ. ಆಮೇಲಿನ ಇಪ್ಪತ್ತು ವರ್ಷ ಶ್ವಾಸನಾಳದ ಹೊಲಿಗೆ ಮಾಯದಿರುವುದೇ ದೊಡ್ಡ ತಲೆನೋವಾಗಿತ್ತು. 1983ರಲ್ಲಿ ಟೊರಾಂಟೊದಲ್ಲಿ ಜೋಯೆಲ್ ಕೂಪರ್ ತಂಡ ಕಸಿ ಮಾಡಿದ ರೋಗಿ ಆರು ವರ್ಷಕ್ಕೂ ಹೆಚ್ಚು ಬದುಕಿದರು. ಈಗ ಕಸಿಯಾದ ಅರ್ಧದಷ್ಟು ಜನ ಸುಮಾರು ಆರು ವರ್ಷ ದಾಟುತ್ತಾರೆ. ಕಿಡ್ನಿ ಕಸಿಗೆ ಹೋಲಿಸಿದರೆ ಕಡಿಮೆಯೇ. ಆದರೆ ಆಕ್ಸಿಜನ್ ಪೈಪಿಲ್ಲದೆ ಸ್ನಾನ ಮಾಡಿ ಬಂದವರ ಮುಖ ನೋಡಿದ್ದೇನೆ, ಅದನ್ನು ಯಾವ ಲೆಕ್ಕಕ್ಕೆ ಹಾಕಲಿ?

ಕಸಿ ತಂಡವನ್ನು ಕಂಡ ಮಾತ್ರಕ್ಕೆ ಆಪರೇಷನ್ ಆಗಲೇಬೇಕೆಂದಿಲ್ಲ. "ಇನ್ನೂ ಬೇಡ, ಆರು ತಿಂಗಳು ಬಿಟ್ಟು ಬನ್ನಿ" ಅನ್ನಿಸಿಕೊಂಡು ಬಂದವರು ಎಷ್ಟೋ ಜನ. ಅವರನ್ನೂ ನಾನು ದಿನಾ ನಡೆಸುತ್ತೇನೆ.